ಸೋಮವಾರದ ಅಪ್‌ಗ್ರೇಡು

ಹದಿನಾಲ್ಕು ವರ್ಷಗಳಿಂದ ನಾನು ಜಾಲತಾಣಗಳನ್ನು ಹೊತ್ತ ಯಂತ್ರಗಳನ್ನು, ಅಂದರೆ ಸರ್ವರುಗಳನ್ನು, ನೋಡಿಕೊಂಡು ಬಂದಿದ್ದೇನೆ. ಅವುಗಳಲ್ಲಿ ಒಂದನ್ನೂ ಇದುವರೆಗೆ ಕಣ್ಣಾರೆ ಕಂಡಿಲ್ಲ. ಕೆಲವು ಮುಂಬೈಯಲ್ಲಿವೆ, ಕೆಲವು ಸಿಂಗಪುರದಲ್ಲಿ, ಒಂದೆರಡು ಜರ್ಮನಿಯಲ್ಲೂ ಇವೆಯಂತೆ. ನಾನಿರುವುದು ಗೋಕಾಕ ಫಾಲ್ಸ್‌ನಲ್ಲಿ, ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿದ ಒಂದು ಮೇಜಿನ ಮುಂದೆ. ಇಲ್ಲಿಂದ ನಾನು ಅಪ್ಪಣೆ ಕೊಡುತ್ತೇನೆ, ಅಲ್ಲಿ ಅವು ಪಾಲಿಸುತ್ತವೆ. ಮನೆಯಲ್ಲಿ ನನ್ನ ಮಾತನ್ನು ಇಷ್ಟು ಬೇಗ ಕೇಳುವವರು ಬೇರೆ ಯಾರೂ ಇಲ್ಲದ್ದರಿಂದ ಈ ಕೆಲಸ ಸ್ವಲ್ಪ ತಲೆಗೇರಿತ್ತು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಪಕ್ಕದ ಮನೆಯ ಶಾಂತಕ್ಕನಿಗೆ ಇದು ಕೆಲಸವೆಂದು ನಂಬಿಸಲು ನನ್ನಿಂದ ಆಗಿಲ್ಲ. "ದಿನಾ ಆ ಕರೇ ಪರದೇದಾಗ ಏನ್ ನೋಡ್ತೀರಿ ಅಕ್ಕಾರ?" ಎಂದು ಒಮ್ಮೆ ಕೇಳಿದರು. "ಸರ್ವರ್ ಚಲೋ ಅದಾವೋ ಇಲ್ಲೋ ನೋಡ್ತೇನ್ರಿ" ಎಂದೆ. "ಚಲೋ ಇದ್ರ?" "ಸುಮ್ನ ಕೂಡ್ತೇನ್ರಿ." ಅವರು ಮತ್ತೇನೂ ಕೇಳದೆ ಮನೆಗೆ ಹೋಗಿ, ರೊಟ್ಟಿಗೆ ಹಚ್ಚಿಕೊಳ್ಳಲೆಂದು ಒಂದು ಬಟ್ಟಲು ಶೇಂಗಾ ಹಿಂಡಿ ತಂದುಕೊಟ್ಟರು. ಕರುಣೆಯ ರುಚಿ ಅದರಲ್ಲಿ ಚೆನ್ನಾಗಿಯೇ ಇತ್ತು.

ಆದರೆ ಸುಮ್ಮನೆ ಕೂರುವುದೇ ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಸರ್ವರುಗಳಿಗೂ ವಯಸ್ಸಾಗುತ್ತದೆ. ಆಗ ಹೊಸದೊಂದನ್ನು ಸಿದ್ಧಮಾಡಿ, ಹಳೆಯದರಲ್ಲಿದ್ದುದನ್ನೆಲ್ಲ ಅಲ್ಲಿಗೆ ನಕಲು ಮಾಡಿ, ವಿಳಾಸ ಬದಲಿಸಬೇಕು. ಮನೆ ಬದಲಿಸಿದ ಮೇಲೂ ಅಂಚೆಯವನು ಕೆಲವು ದಿನ ಹಳೆಯ ಬಾಗಿಲಲ್ಲೇ ಕಾಗದ ಹಾಕಿಹೋಗುತ್ತಾನಲ್ಲ, ಹಾಗೆ ಹೊಸ ವಿಳಾಸದ ಸುದ್ದಿ ಎಲ್ಲರ ಫೋನಿಗೂ ಮುಟ್ಟಲು ಒಂದೆರಡು ದಿನ ಹಿಡಿಯುತ್ತದೆ. ಆ ನಡುವೆ ಯಾರಾದರೂ ಕಳಿಸಿದ್ದು ಹಳೆಯ ಯಂತ್ರಕ್ಕೇ ಹೋಗಿ ಬೀಳಬಹುದು. ಆದ್ದರಿಂದ ಹಳೆಯದನ್ನು ಒಂದು ವಾರ ಮುಟ್ಟಬಾರದು. ಇದನ್ನು ನಾನು ಎಷ್ಟೋ ಜನರಿಗೆ ಗಂಟಲು ಹರಿಯುವಂತೆ ಹೇಳಿದ್ದೇನೆ. ಉಪದೇಶ ಮಾಡುವವರಿಗಿರುವ ಸೌಕರ್ಯವೆಂದರೆ ತಮ್ಮ ಮಾತನ್ನು ತಾವು ಕೇಳಬೇಕಾಗಿಲ್ಲ.

ನನ್ನ ಯಂತ್ರಗಳಲ್ಲೊಂದರಲ್ಲಿ ಮಲ್ಲಪ್ಪ ಕಾಕಾನ ಜಾಲಪುಟವಿತ್ತು. ಕಾಕಾ ನಮ್ಮಪ್ಪನ ಗೆಳೆಯರು. ಮೂಡಲಗಿ ಕಡೆಯ ತುಕ್ಕಾನಟ್ಟಿಯಲ್ಲಿ ಒಕ್ಕಲುತನ ಮಾಡುತ್ತಾರೆ. ಹೊಲಗಳ ಹೆಸರು ಸಂಗ್ರಹಿಸುವುದು ಅವರ ಹುಚ್ಚು. ನಮ್ಮ ಕಡೆ ಸರ್ವೇ ನಂಬರು ಕಚೇರಿಗೆ, ಮನೆಮಂದಿಗೆ ಹೊಲದ ಹೆಸರೇ ಬೇಕು. ಕಳೆ ತೆಗೆಯುತ್ತಿದ್ದವಳಿಗೆ ಅಲ್ಲೇ ಹೆರಿಗೆಯಾದ ಹೊಲ ಬಾಳಂತಿಪಟ್ಟಿ; ಅಣ್ಣತಮ್ಮಂದಿರು ಜಗಳಾಡಿ ಮಾತು ಬಿಟ್ಟದ್ದು ಮೂಕಪಟ್ಟಿ. ಹಳಬರ ಬಾಯಿಂದ ಇವನ್ನು ಹೇಳಿಸಿ, ಫೋನಿನಲ್ಲಿ ದನಿ ಹಿಡಿದು, ಕಾಕಾ ತಮ್ಮ ಪುಟಕ್ಕೆ ಏರಿಸುತ್ತಿದ್ದರು. ಏರಿಸಲು ಕಲಿಸಿದವಳು ನಾನು. ಫೋನು ತುಂಬಿತೆಂದು ಅವರು ಗೊಣಗಿದಾಗ, "ಸೈಟಿಗೆ ಹಾಕಿದ ಮ್ಯಾಲ ಫೋನಿನಾಗಿಂದು ಅಳಸಿಬಿಡ್ರಿ ಕಾಕಾ, ನೋಡ್ಕೊಳ್ಳಾಕ ನಾ ಅದೇನಿ" ಎಂದವಳೂ ನಾನೇ.

ಹೀಗಿರುವಾಗ ಆ ಯಂತ್ರವನ್ನು ಬದಲಿಸುವ ಕಾಲ ಬಂತು. ಭಾನುವಾರ ನಕಲು ಮಾಡಿ, ಸೋಮವಾರ ಬೆಳಿಗ್ಗೆ ವಿಳಾಸ ಬದಲಿಸುವುದೆಂದು ನಿಶ್ಚಯಿಸಿದೆ. ಸೋಮವಾರವೇ ಏಕೆಂದರೆ, ನಮ್ಮ ಕಡೆ ರೈತರು ಅಂದು ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಕಾಕಾ ಕೂಡ "ಸೋಮವಾರ ನಮಗ ಸೂಟಿ" ಎನ್ನುತ್ತಿದ್ದರು. ಸೂಟಿಯೆಂದ ಮೇಲೆ ಪುಟದ ಹತ್ತಿರ ಯಾರೂ ಸುಳಿಯುವುದಿಲ್ಲ ಎಂದು ನಾನು ತರ್ಕ ಮಾಡಿದೆ. ಎತ್ತಿಗೆ ಸೂಟಿಯಾದ ದಿನವೇ ಕಾಕಾನಿಗೆ ಊರೂರು ತಿರುಗಿ ದನಿ ಹಿಡಿಯಲು ಬಿಡುವು ಎಂಬುದು, ರೈತರ ನಡುವೆಯೇ ಬೆಳೆದ ನನಗೆ ಹೊಳೆಯಲಿಲ್ಲ.

ಆ ಬೆಳಿಗ್ಗೆ ಕಾಕಾ ಹುಕ್ಕೇರಿಯಲ್ಲಿ ತಮ್ಮ ಅಕ್ಕ ಗಂಗವ್ವನ ಮನೆಯಲ್ಲಿದ್ದರು. ಇವರಿಬ್ಬರ ಹುಟ್ಟೂರು ಹಿಡಕಲ್ ಜಲಾಶಯದಲ್ಲಿ ಮುಳುಗಿದೆ. ಊರು ಬಿಡುವಾಗ ಕಾಕಾ ಇನ್ನೂ ಸಣ್ಣವರು. ಗಂಗವ್ವ ಮಾತ್ರ ದೊಡ್ಡವರ ಸಮ ಹೊಲದಲ್ಲಿ ದುಡಿಯುತ್ತಿದ್ದ ಹುಡುಗಿ. ನೀರಿನಡಿಯ ಆ ಹೊಲಗಳ ಹೆಸರೆಲ್ಲ ಗೊತ್ತಿದ್ದವರು ಅವರೊಬ್ಬರೇ ಉಳಿದಿದ್ದರು. ಅಂದು ಅವರು ಒಂದೊಂದಾಗಿ ಹೇಳಿದರು. ಕಾಕಾ ಅಲ್ಲಿಂದಲೇ ಪುಟಕ್ಕೆ ಏರಿಸಿ ನನಗೆ ಸಂದೇಶ ಕಳಿಸಿದರು: "ಅಕ್ಕಂದು ಹಾಕೇನಿ. ಕೇಳು." ಜೊತೆಗೆ ಲಿಂಕೂ ಇತ್ತು. ನಾನು ಹೆಬ್ಬೆರಳು ಎತ್ತಿದ ಚಿತ್ರವೊಂದನ್ನು ಮರಳಿಸಿ ನನ್ನ ಕೆಲಸಕ್ಕೆ ತಿರುಗಿದೆ. ನಮ್ಮ ಹಿರಿಯರು ಓದಲು ಬಾರದೆ ಹೆಬ್ಬೆಟ್ಟು ಒತ್ತುತ್ತಿದ್ದರು. ನಾವು ಬಲ್ಲವರು, ಪುರುಸೊತ್ತಿಲ್ಲದೆ ಒತ್ತುತ್ತೇವೆ. ಆ ಲಿಂಕನ್ನು ಒಂದು ಸಲ ತೆರೆದಿದ್ದರೆ, ಹೊಸ ಯಂತ್ರದಲ್ಲಿ ಗಂಗವ್ವನ ದನಿ ಇಲ್ಲ, ಅದು ಹಳೆಯದರಲ್ಲೇ ಹೋಗಿ ಕೂತಿದೆ ಎಂಬುದು ಆ ಕ್ಷಣವೇ ಗೊತ್ತಾಗುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಹೊಸದು ಚೆನ್ನಾಗಿ ನಡೆಯುತ್ತಿತ್ತು. ಹಳೆಯದು ಪರದೆಯ ಮೇಲಿನ ಪಟ್ಟಿಯಲ್ಲಿ ಸುಮ್ಮನೆ ಉಳಿದಿತ್ತು. ಊಟವಾದ ಮೇಲೆ ಎಂಜಲು ತಟ್ಟೆ ಕಣ್ಣಿಗೆ ಬಿದ್ದರೆ ನನಗೆ ಸಮಾಧಾನವಿರುವುದಿಲ್ಲ. ಇಲ್ಲೂ ಅದೇ ಸ್ವಭಾವ ಕೈಯಾಡಿಸಿತು. ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಎಂದೆ. ಖಂಡಿತವಾಗಿಯೂ ಅಳಿಸಲೇ ಎಂದು ಮತ್ತೊಮ್ಮೆ ಕೇಳಿತು. ಮದುವೆಗೆ ಒಪ್ಪಿಗೆ ಕೇಳುವಾಗಲೂ ನನ್ನನ್ನು ಯಾರೂ ಎರಡು ಸಲ ಕೇಳಿರಲಿಲ್ಲ. ಅಂಥ ಸೌಜನ್ಯಕ್ಕೆ ನಾನು ಎರಡನೆಯ ಸಲವೂ ಹೌದೆಂದು, ಚಹಾಕ್ಕೆ ಎದ್ದೆ.

ಅದಾದ ಹತ್ತನೆಯ ದಿನ ಗಂಗವ್ವ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಕಾಕಾ ಅಕ್ಕನ ದನಿ ಕೇಳೋಣವೆಂದು ಪುಟ ತೆರೆದರೆ ಅಲ್ಲಿ ಏನೂ ಇರಲಿಲ್ಲ. ಫೋನಿನಲ್ಲಿದ್ದುದನ್ನು ನನ್ನ ಮಾತು ನಂಬಿ ಅಂದೇ ಅಳಿಸಿದ್ದರು. ಮೂಡಲಗಿಯ ಮೊಬೈಲ್ ಅಂಗಡಿಯವರು ಆ ಫೋನನ್ನು ಎರಡು ದಿನ ಇಟ್ಟುಕೊಂಡು ಕೈಚೆಲ್ಲಿದರು. ಹಳೆಯ ಯಂತ್ರವನ್ನು ಬಾಡಿಗೆಗೆ ಕೊಟ್ಟಿದ್ದ ಮುಂಬೈಯ ಕಂಪನಿಗೆ ಬರೆದೆ, ಅಂಗಲಾಚಿದೆ. ಆ ಜಾಗವನ್ನು ಆಗಲೇ ಬೇರೆಯವರಿಗೆ ಕೊಟ್ಟಾಗಿದೆ ಎಂದು ಬಹಳ ಸಭ್ಯವಾದ ಉತ್ತರ ಬಂತು. ಒಮ್ಮೆ ನೀರಿನಲ್ಲಿ ಮುಳುಗಿದ ಊರನ್ನು ನಾನು ಎರಡನೆಯ ಸಲ ಮುಳುಗಿಸಿದ್ದೆ.

ಕಾಕಾ ಬೈಯಲು ಬರುತ್ತಾರೆಂದು ಕಾದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಮುಂದಿನ ವಾರ ಬಂದರು, ಕೈಯಲ್ಲಿ ಒಂದು ನೋಟುಬುಕ್ಕು ಹಿಡಿದು. ನಾನು ಹಳೆಯ ವಿಳಾಸ, ಹೊಸ ವಿಳಾಸ ಎಂದು ವಿವರಿಸತೊಡಗಿದೆ. ಅವರು ಕೈಯೆತ್ತಿ ತಡೆದರು.

"ಮಷೀನ್ ಹೋದ್ರ ಹೋಗಲಿ ಯವ್ವಾ. ನನಗ ಆರೋ ಏಳೋ ಹೆಸರು ನೆನಪ ಅದಾವು. ಆಕಿ ಹೇಳುವಾಗ ನಾ ಫೋನ್ ಅಳ್ಳಾಡದಂಗ ಹಿಡಿಯೂದರಾಗ ಇದ್ದೆ, ಮನಸ ಕೊಟ್ಟ ಕೇಳಲಿಲ್ಲ. ನೀ ಕೇಳೀಯಲ್ಲ. ನಿಂದಿನ್ನೂ ಸಣ್ಣ ವಯಸ್ಸು. ನೆನಪಿದ್ದಷ್ಟ ಹೇಳು, ಬರಕೋತೇನಿ."

ನಾನು ಕಳಿಸಿದ ಹೆಬ್ಬೆರಳಿನ ಚಿತ್ರವನ್ನು ಅವರು ನಂಬಿದ್ದರು. ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಿದ್ದ ಆ ಮುಖಕ್ಕೆ ಇಲ್ಲವೆನ್ನಲು ನನ್ನಿಂದ ಆಗಲಿಲ್ಲ. ಹುಣಸೆಮರವಿಲ್ಲದ ಊರೆಲ್ಲಿದೆ? "ಹುಣಸಿಮರದ ಹೊಲ ಅಂದಿದ್ರು ಅನಸ್ತೈತ್ರಿ" ಎಂದುಬಿಟ್ಟೆ. ಕಾಕಾನ ಮುಖ ಅರಳಿತು. "ಹೌದ ನೋಡು, ಇತ್ತ ಅದು" ಎಂದು ದುಂಡಗೆ ಬರೆದುಕೊಂಡು, "ಮುಂದ?" ಎಂದರು.

ಮುಂದಿನದನ್ನೂ ಹೇಳಬಹುದಿತ್ತು. ಬೇವಿನಮರದ ಹೊಲ, ಬಾವಿ ಹೊಲ, ಹಳ್ಳದ ಹೊಲ, ಎಲ್ಲ ಊರಲ್ಲೂ ಇರುವಂಥವು ನಾಲಿಗೆಯ ತುದಿಗೆ ಬಂದಿದ್ದವು. ಹೇಳಿದ್ದರೆ ಕಾಕಾ ಎಲ್ಲಕ್ಕೂ ಹೌದೆನ್ನುತ್ತಿದ್ದರು. ನನಗೆ ಹೆದರಿಕೆಯಾಯಿತು. ಇದ್ದುದನ್ನು ಅಳಿಸಿದ್ದು ಸಾಲದೆಂದು ಇಲ್ಲದ್ದನ್ನು ಬರೆಸಲು ಹೊರಟಿದ್ದೆ.

"ಕಾಕಾ, ನಾ ಅದನ್ನ ಕೇಳೇ ಇಲ್ಲರಿ" ಎಂದೆ.

ಅವರು ಬರೆದ ಹೆಸರಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದರು. ಆಮೇಲೆ ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು: "ಹನ್ನೊಂದ ನಿಮಿಷದ್ದ ಇತ್ತಲ್ಲ ಯವ್ವಾ ಅದು. ಅವತ್ತ ಅಷ್ಟೂ ಪುರಸೊತ್ತ ಇರಲಿಲ್ಲೇನು?"

ಇತ್ತು. ಈಗ ಕಾಕಾ ಕಳಿಸಿದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ, ನಡುವಿನ ಕೆಮ್ಮು, ಕೋಳಿಯ ಕೂಗು ಸಹಿತ, ಕೂತು ಕೇಳುತ್ತೇನೆ. ಮೂಡಲಗಿ ಸೀಮೆಯ ಎಷ್ಟೋ ಹೊಲಗಳ ಹೆಸರು ನನಗೀಗ ಬಾಯಿಪಾಠ. ಅವೆಲ್ಲ ಗಂಗವ್ವನ ಹೊಲಗಳಂತೆ ನೀರಿನಡಿಯವಲ್ಲ, ಬಿಸಿಲಲ್ಲಿ ಕಣ್ಣೆದುರಿಗೇ ಇರುವ ಹೊಲಗಳು. ಹೆಸರು ಮರೆತರೆ ಒಡ್ಡಿನ ಮೇಲೆ ನಿಂತವರನ್ನು ಯಾರನ್ನಾದರೂ ಕೇಳಬಹುದು.