ಆಪಾ ಕಲಿಸದ ಚುಕ್ಕಿ

"ವಾರ ಆತು. ಏನೇನ್ ಕಲ್ತಿ?" ಅಂತ ಕೇಳಿದೆ.

"ಗಾಜು ಒರಸೋದ್ರಿ ಸರ್" ಅಂದಳು ಭಾಗ್ಯಶ್ರೀ.

"ಮತ್ತ?"

"ಎರಡೂ ಬಾಜೂ ಒರಸೋದ್ರಿ."

ಕಲಬುರಗಿಯ ನೆಹರು ಗಂಜ್ ಹತ್ತಿರ ನಾನೊಂದು ಕನ್ನಡಕದ ಅಂಗಡಿಯ ಮ್ಯಾನೇಜರ್. ಡೈರಿ ಬರೆಯುವ ಚಟ ಬೇರೆ. ಯಾರಾದರೂ ಕೆಲಸಕ್ಕೆ ಸೇರಿದರೆ ಹಸಿರು ಗೀಟು, ಬಿಟ್ಟರೆ ಕೆಂಪು. ಈ ವರ್ಷ ಹಸಿರು ಮೂರು, ಕೆಂಪು ಎರಡು. ಉಳಿದಿರುವ ಹಸಿರು ಈ ಭಾಗ್ಯಶ್ರೀ. ಶರಣಸಿರಸಗಿಯವಳು, ಚುರುಕು. ಇಂಟರ್‌ವ್ಯೂ ಮಾಡಿ ಆರಿಸಿದವನು ನಾನೇ. (ಅದಕ್ಕೆ ಮೀಸೆ ತಿರುವಿದ್ದೂ ಉಂಟು.)

ಕಲಿಸಬೇಕಾದವರು ರಜಿಯಾ ಆಪಾ. ಅಂಗಡಿಯ ಹಳಬರು. ದೂರಕ್ಕೂ ಓದಲಿಕ್ಕೂ ಒಂದೇ ಕನ್ನಡಕ ಮಾಡುವಾಗ, ಗಿರಾಕಿಯ ಕಣ್ಣುಪಾಪೆ ಎಲ್ಲಿ ಬರುತ್ತದೋ ನೋಡಿ ಗಾಜಿನ ಮೇಲೆ ಪೆನ್ನಿನಿಂದ ಚುಕ್ಕಿ ಇಡಬೇಕು. ಚುಕ್ಕಿ ತಪ್ಪಿದರೆ ಗಿರಾಕಿಗೆ ಮೆಟ್ಟಿಲು ತೇಲಿದಂತೆ ಕಾಣುತ್ತದೆ. ಅದು ಬರುವುದು ಆಪಾ ಒಬ್ಬರಿಗೇ. ಚುಕ್ಕಿ ಇಡುವ ಹೊತ್ತಿಗೆ ಸರಿಯಾಗಿ ಹೊಸಬರನ್ನು ಚಹಾಕ್ಕೆ ಕಳಿಸುತ್ತಾರೆ. ಇಲ್ಲವೇ ಕೈಗೆ ಬಟ್ಟೆ ಕೊಡುತ್ತಾರೆ.

"ಹಿಂಗ್ಯಾಕ್ರಿ ಆಪಾ?"

"ಕಲಿಸಿದ್ರ ಕಮ್ಮಿ ಪಗಾರಕ್ಕ ಆಕಿ ಇಲ್ಲಿ ಕುಂಡ್ರತಾಳ. ನಾ ಎಲ್ಲಿ ಕುಂಡ್ರಲಿ, ನಿಮ್ಮ ತಲಿ ಮ್ಯಾಲ?"

ತಪ್ಪೇನಿದೆ? ಕಲಿಸಿದವರನ್ನೇ ಮೊದಲು ಮನೆಗೆ ಕಳಿಸುವ ಮಾಲಕರು ಕಡಿಮೆಯೇ?

ಆಪಾ ಪ್ರಶ್ನೆಗೆ ಉತ್ತರ ಕಮಲಾಪುರದಿಂದ ಬಂತು. ನಮ್ಮ ಮಾಲಕರು ಅಲ್ಲೊಂದು ಬ್ರಾಂಚ್ ತೆರೆಯಲು ಹೊರಟರು. ಆಪಾ ಮನೆ ಇರುವುದೇ ಕಮಲಾಪುರದಲ್ಲಿ. ಮೊಣಕಾಲು ನೋವಿಟ್ಟುಕೊಂಡು ದಿನಾ ಬಸ್ಸಿನಲ್ಲಿ ನಿಂತು ಬರುವವರು. "ಅಲ್ಲಿಗೆ ನಾ ಹೋಗ್ತೀನ್ರಿ" ಅಂದರು.

"ನೀವು ಹೋದ್ರ ಇಲ್ಲಿ ಚುಕ್ಕಿ ಯಾರು ಇಡ್ತಾರ? ನಿಮ್ಮನ್ನ ಬಿಡಾಕ ಆಗಂಗಿಲ್ರೀ. ಅಲ್ಲಿಗೆ ಬ್ಯಾರೆಯವರನ್ನ ನೋಡ್ತೀನಿ" ಅಂದರು ಮಾಲಕರು.

ಎಂಥ ಹೊಗಳಿಕೆ! ಆಪಾ ಅವತ್ತು ಊಟದ ಡಬ್ಬಿ ಬಿಚ್ಚಲಿಲ್ಲ.

ಮರುದಿನ ಬಂದವರೇ, "ಏ ಭಾಗ್ಯಾ, ಆ ಅರಿವಿ ಒಗಿ ಅತ್ಲಾಗ. ಬಾ ಇಲ್ಲಿ" ಅಂದರು. ಅವತ್ತಿನಿಂದ ಚಹಾ ತರುವ ಕೆಲಸ ನನ್ನದಾಯಿತು. ಆಕೆಯ ಮೊದಲ ಚುಕ್ಕಿಗಳಿಗೆ ಬಿದ್ದ ಬೈಗುಳ ಬರೆಯಲು ಡೈರಿ ಸಾಲದು. "ಅರೆ, ಚುಕ್ಕಿ ಇಡು ಅಂದ್ರ ಕುಂಕುಮ ಇಡ್ತೀಯಲ್ಲ!"

ಬ್ರಾಂಚಿಗೆ ಬೇರೆಯವರು ಇನ್ನೂ ಸಿಕ್ಕಿರಲಿಲ್ಲ. ಅಷ್ಟರಲ್ಲಿ ಮಾಲಕರದೇ ಹೊಸ ಕನ್ನಡಕ ತಯಾರಾಯಿತು. ಹಾಕಿಕೊಂಡರು. ಪೇಪರ್ ಓದಿದರು. ಅಂಗಡಿಯ ಮೆಟ್ಟಿಲು ಇಳಿದು, ಹತ್ತಿ ಬಂದರು.

"ಆಪಾ, ನಿಮ್ಮ ಕೈ ಅಂದ್ರ ಕೈ!"

"ಕೈ ನಂದಲ್ರೀ. ಇಕಿದು."

ಮಾಲಕರು ಕನ್ನಡಕ ತೆಗೆದು ನೋಡಿದರು. ಮತ್ತೆ ಹಾಕಿಕೊಂಡು ಭಾಗ್ಯಶ್ರೀಯನ್ನು ನೋಡಿದರು. "ಹಂಗಾರ ಕಮಲಾಪುರದ ಕೀಲಿ ನೀವ ಇಟ್ಕೋರಿ ಆಪಾ."

ಕಳೆದ ಭಾನುವಾರ ಆ ಬ್ರಾಂಚ್ ನೋಡಲು ಹೋಗಿದ್ದೆ. ಆಪಾ ಕೂರಿಸಿ ಕೆಂಪು ಬಾಳೆಹಣ್ಣು ಕೊಟ್ಟರು. ಸುಲಿಯುತ್ತಲೇ ನಾನು ಲೆಕ್ಚರ್ ಶುರು ಮಾಡಿದೆ: ಕಲಿಸಿದವರಿಗೇ ಮುಂದಿನ ದಾರಿ ತೆರೆಯುವುದು, ಕೆಲಸ ಬಚ್ಚಿಟ್ಟುಕೊಂಡವರು ಕೂತಲ್ಲೇ ಕೂರಬೇಕಾಗುತ್ತದೆ...

ಫೋನ್ ಬಂತು. ಭಾಗ್ಯಶ್ರೀ. "ಸರ್, ನಾಳಿ ಯಾರ್ಯಾರ ಡ್ಯೂಟಿ ಅದ? ಚಾರ್ಟ್ ಹಾಕಾಕ ನಿಮ್ಮನ್ನ ಬಿಟ್ರ ಯಾರಿಗೂ ಬರಂಗಿಲ್ರೀ. ಜಲ್ದಿ ಬರ್ರಿ."

ಅರ್ಧ ತಿಂದ ಹಣ್ಣು ಹಿಡಿದುಕೊಂಡೇ ಎದ್ದೆ. ಆಪಾ ಬಾಗಿಲ ತನಕ ಬಂದರು.

"ಮ್ಯಾನೇಜರ್ ಸಾಹೇಬ್ರ, ನಿಮಗ ಎಲ್ಲಿಗೂ ಹೋಗೋ ಆಸೆ ಇಲ್ಲೇನ್ರಿ?"