ಶೆಡ್ಡಿನಲ್ಲಿ ಅಲನ್ ಸಾಹೇಬರು ಹೇಳಿದ್ದು

ಮಾರ್ಗರೆಟ್ ಬಾಯಿಯವರೇ, ನಾನು ನಿಮಗೆ ಸುಳ್ಳು ಹೇಳಿದೆ. ನೀವು ನೇರವಾಗಿ ಕೇಳಿದಿರಿ, ನಾನು ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ನಿಮ್ಮ ಯಜಮಾನರ ನೆನಪು ಕೈಕೊಡುತ್ತಿದೆ ಎಂಬುದು ನನಗೆ ಆಗಲೇ ಗೊತ್ತಿತ್ತು — ನಾಲ್ಕು ತಿಂಗಳಿಂದ ಗೊತ್ತಿತ್ತು. ನಿಮಗಿಂತ ಮೊದಲು, ಡಾಕ್ಟರಿಗಿಂತ ಮೊದಲು, ನಿಮ್ಮ ಮಗಳಿಗಿಂತ ಮೊದಲು. ಗೊತ್ತಿದ್ದೂ ಮುಚ್ಚಿಟ್ಟೆ. ಅಲನ್ ಸಾಹೇಬರ ಮೇಲಿನ ಕನಿಕರದಿಂದ ಮುಚ್ಚಿಟ್ಟೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡು ಬಂದೆ. ಅದೂ ಸುಳ್ಳೇ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ಕೈ ತಾನಾಗಿಯೇ ಆಫೀಸಿನ ಪತ್ರ ಬರೆಯುತ್ತದೆ — ‘ವಿಷಾದಿಸುತ್ತೇನೆ’ ಎಂಬಲ್ಲಿಗೆ ಎಲ್ಲ ಮುಗಿದುಹೋಗುತ್ತದೆ. ನಿಮಗೆ ಕನ್ನಡ ಓದಲು ಬಾರದು, ಆದರೆ ಕೇಳಿದರೆ ತಿಳಿಯುತ್ತದೆ. ಭಾನುವಾರ ನೀವು ಫೋನ್ ಮಾಡಿದಾಗ ಓದಿ ಹೇಳುತ್ತೇನೆ. ನಿಮಗೆ ಗೊತ್ತಿರುವ ಸಂಗತಿಗಳೂ ಇದರಲ್ಲಿ ಬರುತ್ತವೆ. ಬೇಸರ ಮಾಡಿಕೊಳ್ಳಬೇಡಿ. ಮೊದಲಿನಿಂದ ಹೇಳಿಕೊಂಡು ಬಂದರೆ ಮಾತ್ರ ಹೇಳಬೇಕಾದ ಜಾಗಕ್ಕೆ ಬಂದು ಮುಟ್ಟುತ್ತೇನೆ, ಇಲ್ಲದಿದ್ದರೆ ನಡುವೆ ಎಲ್ಲಾದರೂ ತಪ್ಪಿಸಿಕೊಳ್ಳುವ ಮನುಷ್ಯ ನಾನು.

ನೀವಿಬ್ಬರೂ ನ್ಯೂಜಿಲೆಂಡಿನಿಂದ ಪುಣೆಗೆ ಬಂದು ನಮ್ಮ ಕಟ್ಟಡದ ಕೆಳಗಿನ ಮನೆ ಹಿಡಿದಾಗ ಅಲನ್ ಸಾಹೇಬರಿಗೆ ಎಪ್ಪತ್ತು ದಾಟಿತ್ತು. ಈ ವಯಸ್ಸಿನಲ್ಲಿ ಊರು ಬಿಟ್ಟು, ಚರ್ಚಿನ ಕೆಲಸವೆಂದು ಇಲ್ಲಿಗೆ ಬಂದಿದ್ದಾರಲ್ಲ, ಇವರಿಗೇನು ಹುಚ್ಚೇ ಎಂದು ನಾನು ಮೇಲಿನ ಗ್ಯಾಲರಿಯಲ್ಲಿ ನಿಂತು ನೋಡುತ್ತಿದ್ದೆ. ಹೆಂಡತಿ ಹೋದ ಮೇಲೆ ನನಗೆ ಬೇರೆ ಕೆಲಸವಾದರೂ ಏನಿತ್ತು? ಬೆಳಿಗ್ಗೆ ಐದೂವರೆಗೆ ನಿಮ್ಮ ಅಡುಗೆಮನೆಯ ದೀಪ. ಎರಡು ಕಪ್ ಚಹಾ, ಬೈಬಲಿನ ಒಂದು ಅಧ್ಯಾಯ — ಅವರೊಂದು ವಾಕ್ಯ, ನೀವೊಂದು ವಾಕ್ಯ ಓದುತ್ತಿದ್ದಿರಿ. ಆಮೇಲೆ ಓಣಿಯಲ್ಲಿ ಎರಡು ಸುತ್ತು. ಬೆಲ್ಲ ಹಾಕಿದ ಓಟ್ಸು. ಮಂಗಳವಾರ ಮಾರ್ಕೆಟ್ ಯಾರ್ಡಿಗೆ ಚೀಲ ಹಿಡಿದುಕೊಂಡು ಹೋಗುವುದು. ಮಧ್ಯಾಹ್ನ ನೀವು ಯಾರದೋ ಗಾಯ ತೊಳೆಯುತ್ತಿದ್ದರೆ ಅವರು ಯಾರದೋ ಮಿಕ್ಸರ್ ಬಿಚ್ಚಿ ಕೂತಿರುತ್ತಿದ್ದರು. ಶನಿವಾರ ಮಗಳಿಗೆ ವಿಡಿಯೋ ಕಾಲ್. ಅವರು ‘ಮೆಗ್’ ಎಂದು ನಿಮ್ಮನ್ನು ಕರೆದು ಮಾತಿನ ತುದಿ ಹಿಡಿದರೆ ಮುಗಿಸುವವರು ನೀವು. ನಲವತ್ತಾರು ವರ್ಷದ ಸಂಸಾರ, ಹಾಗಾಗುವುದು ಸಹಜ. ಈಗ ಹಿಂತಿರುಗಿ ನೋಡಿದರೆ ಅನಿಸುತ್ತದೆ — ನಿಮ್ಮ ದಿನಚರಿಯೇ ಅವರನ್ನು ಕೈಹಿಡಿದು ನಡೆಸುತ್ತಿತ್ತು. ಮನೆಯೊಳಗೆ ಅವರು ಏನನ್ನೂ ನೆನಪಿಟ್ಟುಕೊಳ್ಳಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ನಿಮಗೆ ತಿಳಿಯಲಿಲ್ಲ ಎಂದು ನಿಮ್ಮನ್ನು ನೀವು ಬೈದುಕೊಳ್ಳುತ್ತೀರಲ್ಲ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ.

ಅವರು ಒಬ್ಬರೇ ನಿಲ್ಲಬೇಕಾಗಿದ್ದದ್ದು ಒಂದೇ ಕಡೆ. ಕಾತ್ರಜ್ ಆಚೆ ಏಳುತ್ತಿದ್ದ ಕಟ್ಟಡಗಳ ಹಿಂದಿನ ತಗಡಿನ ಶೆಡ್ಡುಗಳಲ್ಲಿ. ಬೀದರ, ಯಾದಗಿರಿ ಕಡೆಯಿಂದ ದುಡಿಯಲು ಬಂದವರು, ಅಜ್ಜನ ಕಾಲದಿಂದ ಚರ್ಚಿಗೆ ನಡೆದುಕೊಂಡ ಮನೆತನದವರು. ಬುಧವಾರ ಮತ್ತು ಭಾನುವಾರ ಸಂಜೆ ಅವರಿಗೊಂದು ಪ್ರಾರ್ಥನೆ. ನಿಮ್ಮ ಚರ್ಚಿನ ಪಾದ್ರಿಗೆ ಮರಾಠಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ನಾನು ಕನ್ನಡದಲ್ಲಿ ಹೇಳಿಕೊಡುತ್ತೇನೆ ಎಂದು ನಾನಾಗಿಯೇ ಮುಂದೆ ಬಂದೆ. ಹಿರೇಮಠ ಎಂಬ ಅಡ್ಡಹೆಸರಿನವನು, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಯೇಸುವಿನ ಮಾತು ಹೇಳಲು ಹೊರಟಿದ್ದಾನೆಂದು ನಮ್ಮ ಮಂದಿ ನಕ್ಕರು. ನಗಲಿ ಬಿಡಿ ಎಂದೆ.

ಸಾಹೇಬರು ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿ ನಿಲ್ಲುವರು, ನಾನು ಕನ್ನಡದಲ್ಲಿ ಹೇಳುವೆ. ನೀವು ಅದೇ ಹೊತ್ತಿಗೆ ಪಕ್ಕದ ಶೆಡ್ಡಿನಲ್ಲಿ ಮಕ್ಕಳ ಕಾಲಿನ ಹುಣ್ಣು ತೊಳೆಯುತ್ತಾ, ಹೆಂಗಸರೊಂದಿಗೆ ಹರಟುತ್ತಾ ಇರುತ್ತಿದ್ದಿರಿ. ಮೂರೇ ವರ್ಷದಲ್ಲಿ ಎಷ್ಟು ಕನ್ನಡ ಕಲಿತಿರಿ! ಆ ಹೆಂಗಸರು ನಿಮ್ಮನ್ನು ಮರಗವ್ವ ಮಾಡಿದರು. ಅದು ಅವರ ಊರಿನ ದೇವಿಯ ಹೆಸರು ಎಂದಾಗ ನೀವು ಎಷ್ಟು ಹೊತ್ತು ನಕ್ಕಿರಿ. ಆದರೆ ‘ರೀ’ ಹಚ್ಚುವುದನ್ನು ಮಾತ್ರ ನೀವು ಕಲಿಯಲೇ ಇಲ್ಲ. ನನಗೂ ‘ನೀ’, ಗುತ್ತಿಗೆದಾರನಿಗೂ ‘ನೀ’, ಪಾದ್ರಿಗೂ ‘ನೀ’. ಆತ ನಮ್ಮ ಕನ್ನಡ ತಿಳಿಯದವನಾದ್ದರಿಂದ ಬಚಾವಾದಿರಿ.

ಇನ್ನು ನನ್ನ ವಿಷಯ. ನಮ್ಮಜ್ಜ ಶ್ರಾವಣದಲ್ಲಿ ಪುರಾಣ ಹೇಳುತ್ತಿದ್ದ. ಅವನು ಬಾಯಿ ತೆರೆದರೆ ಎತ್ತಿನ ಗಾಡಿ ನಿಲ್ಲಿಸಿ ಜನ ಕೇಳುತ್ತಿದ್ದರಂತೆ. ನನಗೆ ಆ ದನಿ ಬಂದಿದೆ ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳಿದರು. ಆದರೆ ಆ ದನಿಯಿಂದ ನಾನು ಮಾಡಿದ್ದೇನು? ಮಾರ್ಕೆಟ್ ಯಾರ್ಡಿನ ಒಂದು ಸಾಗಣೆ ಕಂಪನಿಯಲ್ಲಿ ಕೂತು ಈರುಳ್ಳಿ ಲಾರಿಗಳ ನಂಬರು ಕೂಗಿದೆ. ಕನ್ನಡ ಸಂಘದ ಸಮಾರಂಭದಲ್ಲಿ ಒಮ್ಮೆ ವಂದನಾರ್ಪಣೆ ಕೊಟ್ಟರು, ಅಷ್ಟರಲ್ಲಿ ಜನ ಊಟಕ್ಕೆ ಎದ್ದಿದ್ದರು. ಹೀಗಿದ್ದವನ ಎದುರು ಅರವತ್ತು ಜನ ನೆಲದ ಮೇಲೆ ಕೂತು, ಮುಖ ಎತ್ತಿ — ಅದರ ರುಚಿ ನಿಮಗೆ ಹೇಗೆ ಹೇಳಲಿ. ಎಪ್ಪತ್ತರ ಹತ್ತಿರ ಬಂದ ಗಂಡಸಿಗೆ ಇದು ನಾಚಿಕೆಗೇಡು. ಆದರೂ ನಿಜ.

ಮೊದಲು ಆದದ್ದು ಆ ಸೇತುವೆಯ ಕಥೆಯಲ್ಲಿ. ಸಾಹೇಬರು ಚಿಕ್ಕವರಿದ್ದಾಗ ಅವರೂರಿನ ಹೊಳೆ ಮರದ ಸೇತುವೆಯನ್ನು ಕೊಚ್ಚಿಕೊಂಡು ಹೋದದ್ದು, ಜಗಳವಾಡಿಕೊಂಡಿದ್ದ ಎರಡು ಮನೆಯವರು ಸೇರಿ ಅದನ್ನು ಮತ್ತೆ ಕಟ್ಟಿದ್ದು. ಒಂದು ಬುಧವಾರ ಅದನ್ನು ಹೇಳಿ ಮುಗಿಸಿದರು, ನೀರು ಕುಡಿದರು, ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ತಡಬಡಾಯಿಸಿದೆ. ಜನ ಕಾಯುತ್ತಿದ್ದರು. ಏನು ಹೇಳುವುದೆಂದು ತಿಳಿಯದೆ ನಮ್ಮಜ್ಜನ ಒಂದು ಕಥೆ ಹೇಳಿಬಿಟ್ಟೆ, ಶಿವನ ಹೆಸರು ತೆಗೆದು ದೇವರು ಎಂದು ಮಾಡಿ. ಸಾಹೇಬರು ಮೂರನೆಯ ಬಾರಿಯೂ ಸೇತುವೆ ಕಟ್ಟಿದರು. ನಾನು ಆ ಹೊತ್ತಿಗೆ ಕುಡಿತ ಬಿಡುವ ಬಗ್ಗೆ ಮಾತಾಡುತ್ತಿದ್ದೆ.

ಅವತ್ತು ಮುಗಿದ ಮೇಲೆ ಬೀದರದ ಒಬ್ಬ ಗೌಂಡಿ ಬಂದು ಸಾಹೇಬರ ಕೈ ಹಿಡಿದ. ಆಮೇಲೆ ನನ್ನ ಕಡೆ ತಿರುಗಿ, “ಇವತ್ತ ಭಾಳ ಛಲೋ ಹೇಳಿದ್ರಿ. ಹೊತ್ತು ಹೋಗಿದ್ದ ಗೊತ್ತಾಗ್ಲಿಲ್ರಿ” ಎಂದ. ಮನೆಗೆ ಹೋಗುವಾಗ ರಿಕ್ಷಾದಲ್ಲಿ ನಿಮ್ಮ ಪಕ್ಕದಲ್ಲೇ ಕೂತಿದ್ದೆ. ಹೇಳಬಹುದಿತ್ತು. ಬಾಯಿಯವರೇ, ಇವತ್ತು ಹೀಗಾಯಿತು ಎಂದು ಒಂದೇ ಮಾತು — ಹೇಳಲಿಲ್ಲ. ಆ ಗೌಂಡಿಯ ಮಾತನ್ನೇ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ಕೇಳಿಕೊಳ್ಳುತ್ತಿದ್ದೆ.

ಅಲ್ಲಿಂದ ಮುಂದೆ ಸಾಹೇಬರು ಹೇಳುವುದು ಒಂದು, ನಾನು ಹೇಳುವುದು ಒಂದು. ಹಿಂದಿನ ದಿನವೇ ಮನೆಯಲ್ಲಿ ತಯಾರಿ ಮಾಡಿಕೊಳ್ಳುತ್ತಿದ್ದೆ. ನಿಮ್ಮ ಪುಸ್ತಕದ ಕನ್ನಡ ಪ್ರತಿ ತರಿಸಿಕೊಂಡು ಗುರುತು ಹಾಕಿದೆ. ಬರುವವರು ಹೆಚ್ಚಾದರು. ನೀವು ಖುಷಿಯಿಂದ ಅದನ್ನು ಮಗಳಿಗೆ ಹೇಳಿದಿರಿ. ಸಾಹೇಬರು ಎಲ್ಲಾದರೂ ದಾರಿ ತಪ್ಪಿದರೆ ಎಂದು ನನ್ನ ಫೋನ್ ನಂಬರು ಬರೆದ ಚೀಟಿಯನ್ನು ಅವರ ಅಂಗಿಯ ಜೇಬಿಗೆ ಹಾಕಿದೆ. ಎಂದರೆ, ನನಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಬಟ್ಟೆ ಒಗೆಯುವಾಗ ಆ ಚೀಟಿ ನಿಮ್ಮ ಕೈಗೆ ಸಿಕ್ಕಿತು. ಏನಿದು ಎಂದಿರಿ. “ಮುದುಕರ ಕಿಸೆದಾಗ ಒಂದು ನಂಬರ್ ಇರಬೇಕ್ರಿ. ನೋಡ್ರಿ, ನನ್ನ ಕಿಸೆದಾಗೂ ಅದ” ಎಂದೆ. ಇರಲಿಲ್ಲ. ಮೇಲೆ ಹೋಗಿ ನಿಮ್ಮ ನಂಬರು ಬರೆದು ಜೇಬಿಗೆ ಹಾಕಿಕೊಂಡೆ. ಆ ಚೀಟಿ ಇಂದಿಗೂ ನನ್ನ ಹತ್ತಿರ ಇದೆ.

ಆಮೇಲೆ ಆ ಭಾನುವಾರ ಬಂತು. ಸಾಹೇಬರು ಮಾತಿನ ನಡುವೆ ನಿಂತುಬಿಟ್ಟರು. ಜನರನ್ನು ನೋಡಿದರು, ತಗಡನ್ನು ನೋಡಿದರು, ನನ್ನ ತೋಳು ಹಿಡಿದುಕೊಂಡರು. ಮೆಲ್ಲನೆ, ಸ್ಪಷ್ಟವಾಗಿ, ತಾವು ಎಲ್ಲಿದ್ದೇವೆ ಎಂಬುದು ತಮಗೆ ತಿಳಿಯುತ್ತಿಲ್ಲ ಎಂದರು. ತಮ್ಮನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಇನ್ನೂ ಒಂದು ಮಾತು ಹೇಳಿದರು. ಅರವತ್ತು ಜನ ನನ್ನ ಬಾಯಿ ನೋಡುತ್ತಿದ್ದರು. ನಾನು ಎರಡೂ ಕೈ ಮೇಲೆತ್ತಿ, “ನಾವೆಲ್ಲಾ ದಾರಿ ತಪ್ಪಿದವರು, ತಂದೆಯೇ! ಎಲ್ಲಿದ್ದೇವೆ ನಮಗೆ ತಿಳಿಯದು. ನಮ್ಮನ್ನು ಮನೆಗೆ ಕರೆದುಕೊಂಡು ಹೋಗು!” ಎಂದೆ.

ಜನ ಅತ್ತರು. ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡರು. ಸಾಹೇಬರು ನನ್ನ ತೋಳು ಬಿಟ್ಟಿರಲಿಲ್ಲ. ಆದರೂ ನಾನು ಇನ್ನೂ ಐದು ನಿಮಿಷ ಮಾತಾಡಿದೆ.

ಎರಡು ದಿನ ಬಿಟ್ಟು ನೀವು ನನ್ನನ್ನು ಕೇಳಿದಿರಿ. ನಿಮ್ಮ ಮೂರು ವರ್ಷ ಮುಗಿಯುತ್ತಿತ್ತು. ಹೊರಡುವಿರಾ, ಇನ್ನೊಂದು ವರ್ಷ ಇರುವಿರಾ ಎಂದು ನಿಮ್ಮೂರಿನ ಚರ್ಚಿನವರು ಬರೆದಿದ್ದರು. ಮಗಳಿಗೆ ಆರನೇ ತಿಂಗಳು, ಬನ್ನಿ ಎನ್ನುತ್ತಿದ್ದಳು. ಇಲ್ಲಿ ಜನ ಹೆಚ್ಚುತ್ತಿದ್ದಾರೆ, ಬಿಟ್ಟು ಹೋಗುವುದು ಹೇಗೆ ಎಂದು ನಿಮ್ಮ ಚಿಂತೆ. ಮಾರ್ಕೆಟ್ ಯಾರ್ಡಿನಲ್ಲಿ ಸಾಹೇಬರು ಬಟಾಟೆ ಆರಿಸುತ್ತಿದ್ದರು. ಅವರಿಗೆ ತಿಳಿಯಬಾರದೆಂದು ನೀವು ಕನ್ನಡದಲ್ಲಿ ಕೇಳಿದಿರಿ.

“ಹಿರೇಮಠ, ಅವನ ಮಾತು ನೀ ಕೇಳತಿ. ನಾ ಕೇಳಂಗಿಲ್ಲ. ಖರೆ ಹೇಳು. ಅವಗ ಏನರ ಆಗೇದೇನು?”

“ಏನೂ ಆಗಿಲ್ರಿ ಬಾಯಾರ. ಹ್ವಾದ ವರ್ಷಕ್ಕಿಂತ ಛಲೋ ಮಾತಾಡ್ತಾರ.”

ನೀವು ನಿಟ್ಟುಸಿರು ಬಿಟ್ಟು ನನ್ನ ಕೈ ತಟ್ಟಿದಿರಿ. ಅದೇ ಸಂಜೆ ಒಂದು ವರ್ಷ ಇರುತ್ತೇವೆ ಎಂದು ಬರೆದು ಕಳಿಸಿದಿರಿ.

ಆ ವರ್ಷದ ಬಗ್ಗೆ ಹೆಚ್ಚು ಹೇಳಲಾರೆ. ಬ್ರೆಡ್ ತರಲು ಹೋದವರು ಬರದೇ ಹೋದ ಬೆಳಿಗ್ಗೆ ನಿಮಗೆ ನೆನಪಿದೆ. ಮಧ್ಯಾಹ್ನ ನನ್ನ ಫೋನಿಗೆ ಮರಾಠಿಯಲ್ಲಿ ಕರೆ ಬಂತು — ದೌಂಡ ಸ್ಟೇಷನ್ನಿನಲ್ಲಿ ಒಬ್ಬ ಫಾರಿನ್ ಆಜೋಬಾ, ಅಜ್ಜ, ಕೂತಿದ್ದಾರೆ, ಜೇಬಿನಲ್ಲಿ ಈ ನಂಬರು ಇತ್ತು. ಸೋಲಾಪುರದ ಗಾಡಿ ಹತ್ತಿಬಿಟ್ಟಿದ್ದರು. ನಾವು ಹೋದಾಗ ಚಹಾ ಮಾರುವವನ ಬೆಂಚಿನ ಮೇಲೆ ಕೂತು, ಅವನ ಕೆಟ್ಟ ಸ್ಟೋವನ್ನು ತಿರುಗಿಸಿ ನೋಡುತ್ತಿದ್ದರು. ನೀವು ಓಡಿಹೋಗಿ ತಬ್ಬಿಕೊಂಡಿರಿ. ಆ ಚೀಟಿ ಹಾಕಿದ್ದಕ್ಕೆ ನನಗೆ ಕೈ ಮುಗಿದಿರಿ. ಅದಕ್ಕಿಂತ ನೀವು ನನ್ನ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಡಾಕ್ಟರು ನೋಡಿದರು. ನೀವು ಊರಿಗೆ ಮರಳಿದಿರಿ. ಮೊಮ್ಮಗಳು ಅಷ್ಟೊತ್ತಿಗೆ ಹೆಜ್ಜೆ ಇಡುತ್ತಿದ್ದಳು. ಇದು ಯಾರ ಕೂಸು ಎಂದು ಸಾಹೇಬರು ಕೇಳಿದರಂತೆ. ಮಗಳನ್ನು ನರ್ಸ್ ಎಂದುಕೊಂಡು, ಥ್ಯಾಂಕ್ಸ್ ಹೇಳಿದರಂತೆ. ಒಂದು ವರ್ಷ ಮೊದಲು ಹೋಗಿದ್ದರೆ ಅವರು ಆ ಕೂಸನ್ನು ತಮ್ಮ ಮೊಮ್ಮಗಳು ಎಂದು ತಿಳಿದು ಎತ್ತಿಕೊಳ್ಳುತ್ತಿದ್ದರು. ಆ ವರ್ಷವನ್ನು ನಿಮ್ಮಿಂದ ಕಿತ್ತುಕೊಂಡವನು ನಾನು. ರೋಗ ತಂದವನು ನಾನಲ್ಲ, ನಿಜ — ಆದರೆ ಇದ್ದಷ್ಟು ಬೆಳಕನ್ನು ನಿಮಗೆ ಸಿಗಗೊಡಲಿಲ್ಲ.

ಪ್ರತಿ ಭಾನುವಾರ ಫೋನಿನಲ್ಲಿ ನೀವು ಅದನ್ನೇ ಹೇಳುತ್ತೀರಿ. “ರಾತ್ರಿ ಹಗಲು ಬಾಜೂಕ ಇದ್ದೆ. ನನಗ ಗೊತ್ತಾಗ್ಲಿಲ್ಲ. ನಾ ನಿನಗ ಕೇಳಿದಾಗ ಅವ ಛಲೋ ಇದ್ದ, ಆಮ್ಯಾಲ ನಾ ಏನೋ ನೋಡ್ಲಿಲ್ಲ.” ನನ್ನ ಸುಳ್ಳನ್ನೇ ಸಾಕ್ಷಿ ಮಾಡಿಕೊಂಡು ನಿಮ್ಮ ಮೇಲೆ ನೀವೇ ತಪ್ಪು ಹೊರಿಸಿಕೊಳ್ಳುತ್ತೀರಿ. ನಾನು ಈ ಕಡೆ ಹೂಂ ಎನ್ನುತ್ತಾ ಕೂತಿರುತ್ತೇನೆ. ಇನ್ನು ಹೂಂ ಎನ್ನಲಾರೆ. ಇದನ್ನು ಕೇಳಿದ ಮೇಲೆ ನೀವು ಫೋನ್ ಇಟ್ಟುಬಿಟ್ಟರೆ, ಮತ್ತೆಂದೂ ಮಾಡದಿದ್ದರೆ, ಅದು ಸರಿಯೇ. ಶೆಡ್ಡುಗಳ ಕಡೆ ನಾನು ಈಗ ಹೋಗುವುದಿಲ್ಲ. ಕರೆಯಲು ಬಂದಿದ್ದರು, ಒಲ್ಲೆ ಎಂದೆ.

ಆ ಭಾನುವಾರ ಸಾಹೇಬರು ಇನ್ನೂ ಒಂದು ಮಾತು ಹೇಳಿದರು ಎಂದೆನಲ್ಲ. ಅದನ್ನು ನಾನು ಜನರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಮೂವತ್ತು ಹೆಜ್ಜೆ ಆಚೆ ನೀವು ಇದ್ದಿರಿ, ಕೂಗಿದ್ದರೆ ಕೇಳುತ್ತಿತ್ತು. ಇವತ್ತು ನನ್ನದೇನೂ ಸೇರಿಸದೆ, ಅವರು ಹೇಳಿದಂತೆಯೇ ನಿಮ್ಮ ಕನ್ನಡದಲ್ಲಿ ಹೇಳುತ್ತೇನೆ.

“ನಾ ಎಲ್ಲಿದ್ದೀನಿ, ನನಗ ತಿಳೀವಲ್ದು. ಮನೀಗೆ ಕರಕೊಂಡು ಹೋಗು. ಮೆಗ್ ಎಲ್ಲಿದ್ದಾಳ? ಮೆಗ್‌ಗ ಕರಿ, ಆಕಿಗೆ ಗೊತ್ತಿರ್ತದ.”

ಅವರು ನಿಮ್ಮನ್ನು ಕರೆದರು, ಬಾಯಿಯವರೇ. ನಾನು ಕರೆಯಲಿಲ್ಲ.