ಪಿಳ್ಳಪ್ಪ ಮಾವನ ಪಕ್ಕದ ಸೀಟು

ಎರಡೇ ಸೀಟಿನ, ಮಾಡು ಮಡಚಿ ಹಿಂದಕ್ಕೆ ಸರಿಯುವ ಸ್ಪೋರ್ಟ್ಸ್ ಕಾರಿನಲ್ಲಿ ಪಕ್ಕಕ್ಕೆ ಬೂಸಾ ಮೂಟೆ ಕೂರಿಸಿಕೊಂಡು, ಅದಕ್ಕೆ ನೀಟಾಗಿ ಸೀಟ್ ಬೆಲ್ಟ್ ಹಾಕಿ, ಕೊಡಿಗೇಹಳ್ಳಿಯ ಸಂದಿಗಳಲ್ಲಿ ಓಡಾಡುತ್ತಿದ್ದವನು ನಮ್ಮ ಪಿಳ್ಳಪ್ಪ ಮಾವ ಒಬ್ಬನೇ. ಬೆಲ್ಟ್ ಹಾಕದಿದ್ದರೆ ಮೂಟೆಯ ಭಾರಕ್ಕೆ ಕಾರು ಕುಂಯ್ ಕುಂಯ್ ಎಂದು ಗೋಳಾಡುತ್ತಿತ್ತು. ಮಡಚಿ ಕಟ್ಟಿದ ಪಂಚೆ, ಬಿಳಿ ಶರಟು, ಹವಾಯಿ ಚಪ್ಪಲಿ. ಅಂಗಡಿ ಮುಂದೆ ಕೂತವರು ಸುಮ್ಮನಿರುತ್ತಾರೆಯೇ? "ಏನ್ ಪಿಳ್ಳಪ್ಪಣ್ಣ, ಹಸುಗೂ ಫಾರಿನ್ ಕಾರಲ್ಲೇ ಊಟ ಬರ್ತದಾ?" ಎಂದು ಕಾಲೆಳೆಯುತ್ತಿದ್ದರು. ಮಾವ ತಲೆ ತಗ್ಗಿಸಿ, "ಸುಮ್ನೆ ನಿಂತಿರೋ ಗಾಡಿ ಕಣಪ್ಪ, ಏನಾರ ಕೆಲ್ಸ ಮಾಡ್ಲಿ ಅಂತ" ಎನ್ನುತ್ತಿದ್ದ. ಏನೋ ಕದ್ದು ಸಿಕ್ಕಿಬಿದ್ದವನ ಮುಖ ಅದು.

ಮಾವ ನನ್ನ ಅಮ್ಮನ ತಮ್ಮ. ಅವನಿಗೆ ಸುಖಪಡುವುದು ಬರುತ್ತಿರಲಿಲ್ಲ. ತನಗೊಂದು ಶರಟು ಕೊಂಡರೆ ಮನೆಯವರಿಗೆಲ್ಲ ಬಟ್ಟೆ ತರುತ್ತಿದ್ದ. ಮದುವೆ ಮನೆಯಲ್ಲಿ ಎರಡನೇ ಹೋಳಿಗೆ ಹಾಕಿಸಿಕೊಂಡರೆ ಪಕ್ಕದವನ ಎಲೆಗೂ ಒಂದು ಹಾಕಿಸಿ ಆಮೇಲೆ ತಿನ್ನುತ್ತಿದ್ದ. ಒಳ್ಳೆಯದೋ ಕೆಟ್ಟದ್ದೋ, ಏನು ಮಾಡಿದರೂ ಕೊನೆಗೊಂದು ಮಾತು: "ತಪ್ಪಾಯ್ತೇನ್ಲಾ?" ಚಿಕ್ಕವನಿದ್ದಾಗ ನನಗೆ ಆ ಮಾತು ನಗು ತರಿಸುತ್ತಿತ್ತು. ಶಾಲೆಯಿಂದ ಬಂದು ಮಾವನ ಹಾಗೆ ಪಂಚೆ ಸುತ್ತಿಕೊಂಡು, "ತಪ್ಪಾಯ್ತೇನ್ಲಾ" ಎಂದು ಅಣಕಿಸಿ ಅಮ್ಮನನ್ನು ನಗಿಸುತ್ತಿದ್ದೆ. ಈಗ ಯಾರಾದರೂ ಸುಮ್ಮನೆ ಆ ಮಾತು ಆಡಿದರೂ ಎದೆ ಧಸಕ್ಕೆನ್ನುತ್ತದೆ.

ಇಂಥ ಮನುಷ್ಯನಿಗೆ ಒಂದೇ ಒಂದು ಆಸೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಹುಣಸಮಾರನಹಳ್ಳಿಯ ಬಳಿ ಅವರ ದ್ರಾಕ್ಷಿ ತೋಟ. ಹರೆಯದಲ್ಲಿ ದ್ರಾಕ್ಷಿ ತುಂಬಿದ ಮೆಟಡಾರ್ ಓಡಿಸಿಕೊಂಡು ಯಶವಂತಪುರದ ಮಾರ್ಕೆಟ್ಟಿಗೆ ಹೋಗುವಾಗ, ಹೆಬ್ಬಾಳದ ಕೆರೆ ಏರಿಯ ಹತ್ತಿರ ಒಂದು ತೆರೆದ ಕಾರು ಅವನನ್ನು ದಾಟಿ ಹೋಯಿತಂತೆ. "ಕಾರು ಕಣ್ಣಿಗೆ ಸರಿಯಾಗ್ ಬೀಳ್ಲೇ ಇಲ್ಲ ಕಣ್ಲಾ. ಸೌಂಡು ಮಾತ್ರ ಕಿವೀಲೇ ಉಳ್ಕಂತು" ಎನ್ನುತ್ತಿದ್ದ. ಆಮೇಲೆ ಯಾವ ಗಾಡಿ ಬಂದರೂ ಗಲ್ಲ ಮೇಲೆತ್ತಿ, ಕಣ್ಣು ಮುಚ್ಚಿ, ಅದರ ಇಂಜಿನ್ನಿಗೆ ಕಿವಿಗೊಡುವುದು ಅವನ ಚಾಳಿಯಾಯಿತು.

ಏರ್‌ಪೋರ್ಟ್ ರಸ್ತೆಯ ದೆಸೆಯಿಂದ ತೋಟಕ್ಕೆ ಬೆಲೆ ಬಂತು, ಬಿಲ್ಡರ್ ಬಂದ, ತೋಟ ಹೋಯಿತು. ಆಗ ನಮ್ಮ ಕಡೆ ನಡೆಯುವ ಹಾಗೆಯೇ ನಡೆಯಿತು. ಅಮ್ಮನನ್ನು ಕರೆಸಿ, ಅರಿಶಿನ ಕುಂಕುಮ ಕೊಟ್ಟು, ರೇಷ್ಮೆ ಸೀರೆ ಉಡಿಸಿ, ರಿಜಿಸ್ಟ್ರಾರ್ ಆಫೀಸಿಗೆ ಕರೆದೊಯ್ದು, ತನ್ನ ಪಾಲು ಬೇಡವೆಂದು ಸಹಿ ಹಾಕಿಸಿದರು. ಅಮ್ಮ ಎರಡನೇ ಮಾತಾಡದೆ ಹಾಕಿದಳು. ವಾಪಸ್ ಬರುವಾಗ ಮಾವ ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತಿದ್ದ. ಮನೆ ಹತ್ತಿರ ಇಳಿದವನು ನನ್ನ ಕೈ ಹಿಡಿದು ಕೇಳಿದ್ದೂ ಅದೇ, "ತಪ್ಪಾಯ್ತೇನ್ಲಾ?" ನಾನು ನಕ್ಕು, "ಬಿಡು ಮಾವ, ಎಲ್ರೂ ಮಾಡೋದೇ ಅಲ್ವಾ" ಎಂದೆ.

ಮುಂದಿನ ವರ್ಷ ಮಾವ ಕಾರಿನ ಮಾತೆತ್ತಿದ. ಬ್ಯಾಂಕಿನಲ್ಲಿ ಕೆಲಸ ಮಾಡುವ ನನಗೆ ಯಾವುದನ್ನಾದರೂ ಇನ್ನೊಂದರ ಪಕ್ಕ ಇಟ್ಟು ತೂಗಿ ನೋಡುವುದೆಂದರೆ ಹಬ್ಬ. ಭಾನುವಾರಗಳೆಲ್ಲ ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡುವುದರಲ್ಲೇ ಕಳೆದವು. ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಒಂದೇ ಕಾರು. ಆದರೆ ಅದಕ್ಕೆ ಎರಡು ಇಂಜಿನ್: ನಾಲ್ಕು ಸಿಲಿಂಡರಿನದೊಂದು, ಆರು ಸಿಲಿಂಡರಿನದೊಂದು. ಬಾಡಿ ಅದೇ, ಸೀಟು ಅದೇ, ಮಡಚುವ ಮಾಡೂ ಅದೇ. ವ್ಯತ್ಯಾಸದ ಹಣದಲ್ಲಿ ಮನೆಮಂದಿಯೆಲ್ಲ ಕೂರುವ ಇನ್ನೊಂದು ಕಾರು ಬರುತ್ತಿತ್ತು.

ನಾನು ನಾಲ್ಕರ ಪಕ್ಷ. ಪೆಟ್ರೋಲ್ ಕಡಿಮೆ, ಟ್ಯಾಕ್ಸ್ ಕಡಿಮೆ, ಮುಂದೆ ಮಾರಿದರೆ ಕೊಳ್ಳುವವರು ಹೆಚ್ಚು. "ಹೆಬ್ಬಾಳ ಫ್ಲೈಓವರ್ ಮೇಲೆ ಆರು ಸಿಲಿಂಡರೂ ನಾಲ್ಕರ ಹಿಂದೇನೇ ನಿಂತ್ಕೋಬೇಕು ಮಾವ" ಎಂದು ನನ್ನ ಜಾಣತನ ಮೆರೆದೆ. ಮಾವ "ಅದೂ ನಿಜವೇ" ಎಂದ. ಆದರೆ ಎರಡನ್ನೂ ಒಂದು ಸಲ ಓಡಿಸಿ ನೋಡುವ ಆಸೆ ಬಿಡಲಿಲ್ಲ.

ಶೋರೂಮಿನ ಹುಡುಗ ಒಂದೇ ಬೆಳಗ್ಗೆ ಎರಡನ್ನೂ ಕೊಟ್ಟ. ನಾಲ್ಕನ್ನು ಮಾವ ಯಲಹಂಕದವರೆಗೆ ಓಡಿಸಿ ತಂದ. "ಓಡ್ತದೆ, ಚೆನ್ನಾಗೇ ಓಡ್ತದೆ" ಎಂದ. ಆಮೇಲೆ ಆರರಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡ. ಮಾಡು ತೆರೆದಿತ್ತು. ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆ ಹತ್ತಿದ ಮೇಲೆ ಮಾವ ಕಾಲು ಒತ್ತಿದ. ಆ ಇಂಜಿನ್ನಿನ ಸದ್ದನ್ನು ಬರೆದು ಹೇಳಲು ನನಗೆ ಬರುವುದಿಲ್ಲ, ಬೆನ್ನಿಗೆ ಮೊದಲು ಗೊತ್ತಾಗಿ ಆಮೇಲೆ ಕಿವಿಗೆ ಗೊತ್ತಾಗುವಂಥದ್ದು. ಮಾವ ಬಾಯಿ ತೆರೆದು ನಗುತ್ತಿದ್ದ. ಅವನ ದವಡೆ ಹಲ್ಲುಗಳನ್ನು ನಾನು ಕಂಡದ್ದು ಅದೇ ಮೊದಲು. ಹುಣಸಮಾರನಹಳ್ಳಿಯಲ್ಲಿ ಸರ್ವಿಸ್ ರಸ್ತೆಗೆ ಇಳಿದು, ಹಳೆಯ ತೋಟದ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಎದುರು ನಿಲ್ಲಿಸಿದ. ನಗು ಇಳಿಯಿತು.

"ಅದು ಕೂಗ್ತದೆ. ಇದು ಮಾತಾಡ್ತದೆ ಕಣ್ಲಾ" ಎಂದ. ಸ್ವಲ್ಪ ಹೊತ್ತು ಸ್ಟೀರಿಂಗ್ ಸವರುತ್ತ ಕೂತು, "ಸಣ್ಣದೇ ತಗಳನ" ಎಂದ.

"ಯಾಕೆ ಮಾವ, ನನ್ ಮಾತಿಗಾ?"

"ನಿನ್ ಲೆಕ್ಕ ಬಿಡು. ಅಕ್ಕ ಇಲ್ಲಿ ಬುಟ್ಟಿ ಒತ್ಕಂಡು ದ್ರಾಕ್ಷಿ ಬಿಡಿಸ್ತಿದ್ಲು. ಸಣ್ಣ ಇಂಜಿನ್ ಆದ್ರೆ ಪಾಪಾನೂ ಒಸಿ ಕಮ್ಮಿ."

ನಗಬೇಕೋ ಬೇಡವೋ ತಿಳಿಯದೆ ನಾನು ಮೊಬೈಲ್ ನೋಡಿಕೊಂಡೆ. ಮೊಬೈಲ್ ಬದಿಗಿಟ್ಟು ಅವನ ಮಾತಿಗೆ ಮಾತು ಕೊಟ್ಟಿದ್ದರೆ ಮುಂದಿನದು ಬೇರೆ ಆಗುತ್ತಿತ್ತೋ ಏನೋ.

ಅಮ್ಮನ ತವರಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ಗಾಡಿ ಯಾವುದೇ ಬರಲಿ, ಪೂಜೆಯಾದ ಮೇಲೆ ಮೊದಲು ಕೂರಬೇಕಾದವಳು ಮನೆಮಗಳು. ಟ್ರ್ಯಾಕ್ಟರ್ ಬಂದಾಗ, ಮೆಟಡಾರ್ ಬಂದಾಗ, ಮಾವನ ಹಳೆಯ ಅಂಬಾಸಿಡರ್ ಬಂದಾಗ ಸಂಜಯನಗರದ ನಮ್ಮ ಮನೆಗೆ ಕರೆ ಬರುತ್ತಿತ್ತು. ಅಮ್ಮ ಆರತಿ ಎತ್ತಿ, ಪಕ್ಕದ ಸೀಟಿನಲ್ಲಿ ಕೂತು, ಮಾರಮ್ಮನ ಗುಡಿಯವರೆಗೆ ಹೋಗಿ ಬರುತ್ತಿದ್ದಳು. ಮಾವ ಎಲೆ ಅಡಿಕೆ, ರವಿಕೆ ಕಣ ಕೊಟ್ಟು ಕಾಲಿಗೆ ಬೀಳುತ್ತಿದ್ದ. ಅಲ್ಲಿಯವರೆಗೂ ಬೇರೆ ಯಾರೂ ಆ ಸೀಟು ಮುಟ್ಟುವ ಹಾಗಿರಲಿಲ್ಲ.

ಹೊಸ ಕಾರು ಬರುವ ಹಿಂದಿನ ದಿನ ಮಾವ ಫೋನ್ ಮಾಡಿದ. "ಅಕ್ಕನ್ನ ಎಂಗ್ಲಾ ಕರೀಲಿ? ನೋಡ್ತಾಳೆ, ಏನಂದ್ಕತಾಳೋ."

"ಈಗ್ಲೇ ಬೇಡ ಮಾವ. ಅಮ್ಮಂಗೆ ಬೇಜಾರಾಗತ್ತೆ. ಸ್ವಲ್ಪ ದಿನ ಹೋಗ್ಲಿ" ಎಂದೆ.

ಅಮ್ಮನನ್ನು ಕೇಳದೆಯೇ ಅಮ್ಮನ ಬೇಜಾರು ನಾನೇ ತೀರ್ಮಾನಿಸಿದ್ದೆ. ನಿಜ ಹೇಳುವುದಾದರೆ, ಅವಳು ಆ ಕಾರು ನೋಡುವಾಗ ನನಗೆ ಅಲ್ಲಿ ನಿಂತಿರುವುದು ಬೇಡವಾಗಿತ್ತು. ಅದನ್ನು ಆರಿಸುವ ಆಟದಲ್ಲಿ ಅವನಷ್ಟೇ ಕುಣಿದವನು ನಾನು.

ಸುದ್ದಿ ಅಮ್ಮನಿಗೆ ಹೂವಿನವಳ ಬಾಯಿಂದ ತಲುಪಿತು. ಸಂಜೆ ನನಗೆ ಕಾಫಿ ಕೊಟ್ಟು, "ಪಿಳ್ಳ ಕಾರ್ ತಂದ್ನಂತೆ?" ಎಂದಳು. ನಾನು ಹೂಂ ಎಂದೆ. ಖಾಲಿ ಲೋಟ ಇಸಕೊಳ್ಳುತ್ತ ಅವಳು ಅಂದಳು:

"ನಾನ್ ಸೈನ್ ಹಾಕಿದ್ದು ತವರು ಇರ್ಲಿ ಅಂತ ಕಣೋ. ಕರೆಯೋದೇ ಬಿಟ್ಮೇಲೆ ತವರು ಎಲ್ಲೈತೆ?"

ಅವಳಿಗೆ ಕಾರಿನ ಸಿಟ್ಟೂ ಇರಲಿಲ್ಲ, ತೋಟದ ಸಿಟ್ಟೂ ಇರಲಿಲ್ಲ. ಕರೆಯಲಿಲ್ಲವಲ್ಲ, ಅಷ್ಟೇ. ಬೇಡ ಎಂದವನು ನಾನು ಎಂದು ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಹೇಳಲಿಲ್ಲ. ಅಂದಿನಿಂದ ಅಮ್ಮ ಕೊಡಿಗೇಹಳ್ಳಿಗೆ ಹೋಗುವುದು ಬಿಟ್ಟಳು. ಮಾವ ಸಂಜಯನಗರಕ್ಕೆ ಬರುವುದು ಬಿಟ್ಟ. ಮುನಿಸಿಕೊಂಡಿದ್ದಾಳೆ ಎಂದು ಅವನು, ಮರೆತಿದ್ದಾನೆ ಎಂದು ಅವಳು. ನಾನು ಇಬ್ಬರ ಮನೆಯಲ್ಲೂ ಊಟ ಮಾಡುತ್ತಿದ್ದೆ.

ಬೂಸಾ ಮೂಟೆಯ ಗುಟ್ಟು ತಿಳಿದದ್ದು ಹೀಗೆ ಊಟಕ್ಕೆ ಹೋದ ಒಂದು ದಿನ. ಮಾವನ ಹೆಂಡತಿ ನಾಗರತ್ನತ್ತೆ ಮುದ್ದೆ ಬಡಿಸುತ್ತ ರೇಗಿದಳು: "ನೋಡಪ್ಪ, ಕಾರ್ ತಂದು ಇಷ್ಟ್ ದಿನ ಆಯ್ತು, ನನ್ನ ಒಂದ್ಸಲ ಕೂರಿಸ್ಕಂಡಿಲ್ಲ. ನನಗಿಂತ ಬೂಸಾನೇ ಹೆಚ್ಚಾಯ್ತು ಇವರ್ಗೆ." ಮಾವ ತಲೆ ತಗ್ಗಿಸಿ ಮುದ್ದೆ ಮುರಿದ. ಕೈ ತೊಳೆಯಲು ಹಿತ್ತಲಿಗೆ ಹೋದಾಗ ನನಗೆ ಮಾತ್ರ ಕೇಳಿಸುವಂತೆ, "ಖಾಲಿ ಬಿಟ್ರೆ ಯಾರಾದ್ರೂ ಕೂತ್ಬುಡ್ತಾರೆ ಕಣ್ಲಾ. ಅಕ್ಕ ಇನ್ನೂ ಕೂತಿಲ್ಲ" ಎಂದ.

"ಹಂಗಾದ್ರೆ ಕರಿ ಮಾವ" ಎಂದಷ್ಟೇ ಹೇಳಿದೆ. ಅವನು ಕರೆಯಲು ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಮಳೆಗಾಲ ಕಳೆಯಿತು.

ಒಂದು ಬೆಳಗ್ಗೆ ನಾನು ಬ್ಯಾಂಕಿಗೆ ಹೊರಡುವ ಹೊತ್ತಿಗೆ ನಮ್ಮ ಮನೆಯ ಮುಂದೆ ಆ ಕಾರು ನಿಂತಿತ್ತು. ಮೂಟೆ ಇರಲಿಲ್ಲ. ಸೀಟು ತೊಳೆದು ಒರೆಸಿ ಅದರ ಮೇಲೆ ಹೊಸ ಟವಲ್ ಹಾಸಿದ್ದ. ಮಾವ ಗೇಟಿನ ಹೊರಗೇ ನಿಂತು, "ಅಕ್ಕ, ಬಾ" ಎಂದ.

ಅಮ್ಮ ಹೊರಗೆ ಬಂದಳು. ಕಾರನ್ನು ಒಂದು ಸುತ್ತು ನೋಡಿದಳು. "ಯಾಕೋ ಕರೀಲಿಲ್ಲ ಅವತ್ತು?" ಎಂದಳು.

ಮಾವ ನನ್ನ ಕಡೆ ನೋಡಿದ. ನಾನು ಷೂ ಲೇಸು ಕಟ್ಟುತ್ತಿದ್ದೆ, ಕಟ್ಟುತ್ತಲೇ ಇದ್ದೆ.

"ನಂದೇ ತಪ್ಪು ಅಕ್ಕ" ಎಂದ ಮಾವ. ಜನ್ಮದಲ್ಲಿ ಮೊದಲ ಸಲ ಅದನ್ನು ಪ್ರಶ್ನೆ ಮಾಡಿ ಕೇಳಲಿಲ್ಲ.

ಅಮ್ಮ ಸೆರಗು ಸಿಕ್ಕಿಸಿಕೊಂಡು ಬಾಗಿಲ ಹತ್ತಿರ ಹೋದಳು. ಆದರೆ ಅಂಥ ಕಾರುಗಳು ನೆಲಕ್ಕೆ ಅಂಟಿಕೊಂಡಂತಿರುತ್ತವೆ, ಅದರೊಳಗೆ ಕೂರುವುದೆಂದರೆ ಮಣೆಯ ಮೇಲೆ ಕೂತ ಹಾಗೆ. ಆ ವೇಳೆಗಾಗಲೇ ಅವಳ ಮಂಡಿಗಳು ಮಡಚುವುದನ್ನೇ ನಿಲ್ಲಿಸಿದ್ದವು. ಎರಡು ಸಲ ಬಗ್ಗಿ, ಎರಡು ಸಲವೂ ಅಮ್ಮಾ ಎಂದು ನೇರವಾದಳು. ನಾಚಿಕೆಯಿಂದ ನಕ್ಕಳು. ಮಾವ ನನ್ನನ್ನು ಕರೆದ: "ಬಾರ್ಲಾ, ನೀನ್ ಆ ಕಡೆ ಹಿಡ್ಕೋ, ಮೆತ್ತಗೆ ಇಳ್ಸನ."

ಇಬ್ಬರೂ ಸೇರಿದ್ದರೆ ಅವಳನ್ನು ಕೂರಿಸಬಹುದಿತ್ತು. ಆದರೆ ಕೂತ ಮೇಲೆ ಇಬ್ಬರೇ ಹೋಗುತ್ತಾರೆ, ಮಾತಾಡುತ್ತಾರೆ, ನನ್ನ ಹೆಸರು ಬರುತ್ತದೆ. "ಬಲವಂತ ಮಾಡ್ಬೇಡ ಮಾವ, ಇನ್ನೂ ನೋವಾಗತ್ತೆ. ಡಾಕ್ಟರಿಗೆ ತೋರಿಸಿ ಆಮೇಲೆ ಕೂರ್ಸೋಣ" ಎಂದೆ. ಇಬ್ಬರೂ ನನ್ನ ಮಾತಿಗೆ ಒಪ್ಪಿದರು. ನನ್ನ ಮಾತಿಗೆ ಆ ಇಬ್ಬರೂ ಯಾವಾಗಲೂ ಒಪ್ಪುತ್ತಿದ್ದರು.

ಮಾವ ಹೊರಡುವ ಮುಂಚೆ ಇಂಜಿನ್ ಶುರು ಮಾಡಿ ಕೇಳಿಸಿದ. ಅಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟಳು.

"ಇದು ಸಣ್ಣ ಇಂಜಿನ್ನು ಅಕ್ಕ. ದೊಡ್ಡದೂ ಇತ್ತು."

"ಯಾಕೆ ಬಿಟ್ಟೆ?"

"ನಿನಗೆ ಎದರ್ಕಂಡು."

"ನನ್ನ ಕೇಳಿದ್ರೆ ದೊಡ್ಡದೇ ತಗೋ ಅಂತಿದ್ದೆ" ಎಂದಳು ಅಮ್ಮ.

ಮಾವ ಕಣ್ಣೊರೆಸಿಕೊಂಡು ನಕ್ಕ, ಆ ದವಡೆ ಹಲ್ಲು ಕಾಣುವ ನಗು. ಅದೇ ನಾನು ಅವನನ್ನು ಕೊನೆಯ ಸಲ ನೋಡಿದ್ದು. ಅಂದಿನಿಂದ ಬೂಸಾ ಸ್ಕೂಟರಿನಲ್ಲಿ ಬರತೊಡಗಿತಂತೆ, ಸೀಟಿನ ಮೇಲೆ ಟವಲ್ ಮಾತ್ರ ಇರುತ್ತಿತ್ತಂತೆ. ಅಮ್ಮನ ಮಂಡಿಗೆ ಡಾಕ್ಟರ್ ಕೊಟ್ಟ ಮಾತ್ರೆ ಮುಗಿಯುವ ಮೊದಲೇ, ಹಾಲು ಕರೆಯಲು ಕೂತಿದ್ದ ಮಾವ ಹಸುವಿನ ಪಕ್ಕಕ್ಕೆ ಒರಗಿಕೊಂಡವನು ಏಳಲಿಲ್ಲ.

ಕಾರ್ಯವೆಲ್ಲ ಮುಗಿದು, ನೆಂಟರು ಊಟ ಮಾಡಿ ಹೊರಟ ಮೇಲೆ, ಅಮ್ಮ ಕಾರು ನಿಲ್ಲಿಸಿದ್ದ ಶೆಡ್ಡಿನ ಕಡೆ ನಡೆದಳು. "ನನ್ನ ಇದ್ರೊಳಗೆ ಇಳ್ಸ್ರೋ" ಎಂದಳು. ಮಾವನ ಮಗ ಮಂಜು ಒಂದು ಕಡೆ, ನಾನು ಒಂದು ಕಡೆ ಹಿಡಿದು ಇಳಿಸಿದೆವು. ಕಷ್ಟವೇನೂ ಆಗಲಿಲ್ಲ. ಅಮ್ಮ ಟವಲ್ಲಿನ ಮೇಲೆ ಕೂತು ಕಾಲು ಚಾಚಿದಳು.

"ಸ್ಟಾರ್ಟ್ ಮಾಡು."

ನಾನು ಡ್ರೈವರ್ ಕಡೆಯ ಬಾಗಿಲು ತೆಗೆದು ಒಳಗೆ ಕಾಲಿಡಲು ಹೋದೆ.

"ಅಲ್ಲಿ ಕೂರ್ಬೇಡ. ಹೊರಗಿಂದ್ಲೇ ಮಾಡು."

ಬ್ರೇಕ್ ಒತ್ತದೆ ಆ ಕಾರು ಶುರುವಾಗುವುದಿಲ್ಲ. ನೆಲಕ್ಕೆ ಮಂಡಿಯೂರಿ, ಮಾವ ಕಾಲಿಡುತ್ತಿದ್ದ ಕಡೆ ಒಂದು ಕೈ ಹಾಕಿ ಬ್ರೇಕ್ ಒತ್ತಿ, ಇನ್ನೊಂದು ಕೈಯಲ್ಲಿ ಬಟನ್ ಒತ್ತಿದೆ. ಇಂಜಿನ್ ಎದ್ದಿತು. ಅಮ್ಮ ಮಾವನ ಹಾಗೆಯೇ ಗಲ್ಲ ಮೇಲೆತ್ತಿ ಕಣ್ಣು ಮುಚ್ಚಿದಳು. ಬಹಳ ಹೊತ್ತಾದ ಮೇಲೆ ಕಣ್ಣು ತೆಗೆದು, ಕೈ ಚಾಚಿ, ಪಕ್ಕದ ಖಾಲಿ ಸೀಟನ್ನು ಸವರಿದಳು.

"ಎಷ್ಟ್ ಹತ್ರ ಐತಲ್ಲೋ. ಇಷ್ಟ್ ಹತ್ರ ಕೂತ್ಕಂಡು ಎಷ್ಟೊತ್ತು ಅಂತ ಮಾತಾಡ್ದೆ ಇರ್ತಿದ್ದ ಅವ್ನು?"

ಇನ್ನು ಬ್ರೇಕ್ ಒತ್ತುವ ಅಗತ್ಯವಿರಲಿಲ್ಲ. ನಾನು ಕೈ ತೆಗೆಯದೆ, ತಲೆ ಎತ್ತದೆ, ಹಾಗೇ ಮಂಡಿಯೂರಿ ಕೂತಿದ್ದೆ.